ಮುರಿದ ಅಕ್ಷರ: ಒಂದು ಮೊದಲ ಪುಲ್ ರಿಕ್ವೆಸ್ಟ್‌ನ ಪ್ರಕರಣ ಅಧ್ಯಯನ

"ಅಕ್ಕಾ, ನಾನೂ ಓಪನ್ ಸೋರ್ಸ್‌ನಲ್ಲಿ ಏನಾದ್ರೂ ಮಾಡ್ಬೇಕು. ಎಲ್ಲಿಂದ ಶುರು ಮಾಡ್ಲಿ?"

ಹೀಗೆ ಕೇಳಿದವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಕೋಡ್ ಬರೆಯಲು ಚೆನ್ನಾಗಿ ಬರುತ್ತಿತ್ತು. ಆದರೆ ಬರೆದದ್ದೆಲ್ಲ ತನಗಾಗಿ, ಇಲ್ಲವೇ ಪರೀಕ್ಷೆಗಾಗಿ. ಬೇರೆಯವರು ಬರೆದ ಕೋಡ್‌ಗೆ ಕೈ ಹಾಕಿದವಳಲ್ಲ. ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಓದಿ, ಬದಲಿಸಿ, ಹಂಚಲು ಬಿಟ್ಟಿರುವ ಕೋಡ್. ನಾನು ಕೆಲವು ವರ್ಷಗಳಿಂದ ಇಂಥ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಅದಕ್ಕೇ ನನ್ನನ್ನು ಕೇಳಿದಳು. ಅವಳ ಮೊದಲ ಪ್ಯಾಚ್ (ಕೋಡ್‌ನ ತಿದ್ದುಪಡಿ) ಒಳಗೆ ಸೇರಿಕೊಳ್ಳುವವರೆಗಿನ ಸುಮಾರು ಎರಡು ತಿಂಗಳನ್ನು ಇಲ್ಲಿ ಬರೆದಿದ್ದೇನೆ. ಅವಳ ಹೆಸರಾಗಲಿ ಪ್ರಾಜೆಕ್ಟ್‌ನ ಹೆಸರಾಗಲಿ ಇಲ್ಲಿ ಬೇಡ.

ನಾನು ತೋರಿಸಿದ ತಪ್ಪು ದಾರಿ

ಮೊದಲ ಸಲಹೆ ನನ್ನದೇ, ಅದು ತಪ್ಪಾಯಿತು. ದೊಡ್ಡ ಹೆಸರಿನ ಒಂದು ಪ್ರಾಜೆಕ್ಟ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಇರುವ ಇಶ್ಯೂಗಳನ್ನು, ಅಂದರೆ ಪ್ರಾಜೆಕ್ಟ್‌ನ ಪುಟದಲ್ಲಿ ಬರೆದಿಟ್ಟ ತೊಂದರೆಗಳನ್ನು, ನೋಡು ಅಂದೆ. ಹೊಸಬರಿಗೆಂದೇ ತೆಗೆದಿಟ್ಟ ಸುಲಭದ ಕೆಲಸಗಳು ಅವು. ಎಲ್ಲರೂ ಹೇಳುವ ಸಲಹೆಯೂ ಅದೇ. ತೊಂದರೆ ಇರುವುದೂ ಅಲ್ಲೇ. ಅವಳು ಆರಿಸಿಕೊಂಡ ಇಶ್ಯೂ ಕೆಳಗೆ ಆಗಲೇ ನಾಲ್ಕು ಜನ "ಇದನ್ನು ನನಗೆ ಕೊಡಿ" ಎಂದು ಬರೆದಿದ್ದರು. ಇವಳು ಐದನೆಯವಳು. ಎರಡು ದಿನ ಕೂತು ಕೋಡ್ ಓದಿ ಮುಗಿಸುವಷ್ಟರಲ್ಲಿ ಬೇರೆ ಯಾರೋ ಸರಿಮಾಡಿ ಕಳಿಸಿಯಾಗಿತ್ತು. ಇನ್ನೊಂದು ಇಶ್ಯೂನಲ್ಲೂ ಹಾಗೇ ಆಯಿತು.

ಆ ಲೇಬಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಆ ಕೆಲಸದಲ್ಲಿ ಅವಳದ್ದು ಅನ್ನುವಂಥದ್ದು ಏನೂ ಇರಲಿಲ್ಲ. ಆ ಪ್ರೋಗ್ರಾಮನ್ನು ಅವಳು ಒಂದು ದಿನವೂ ಬಳಸಿರಲಿಲ್ಲ. ಆ ಬಗ್‌ನಿಂದ ಯಾರಿಗೆ ಏನು ತೊಂದರೆ ಅಂತಲೂ ಗೊತ್ತಿರಲಿಲ್ಲ. ಹಾಗಿದ್ದಾಗ ಹಟ ಹಿಡಿದು ಕೂರುವುದು ಕಷ್ಟ.

ಎರಡನೇ ಸಲ ಸಿಕ್ಕಾಗ ಪ್ರಶ್ನೆ ಬದಲಿಸಿದೆ. "ನೀನು ದಿನಾ ಬಳಸೋ ಯಾವ ಪ್ರೋಗ್ರಾಂ ನಿನಗೆ ಕಿರಿಕಿರಿ ಮಾಡುತ್ತೆ?"

ಯೋಚನೆಯನ್ನೇ ಮಾಡದೆ ಹೇಳಿದಳು. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಟಿಪ್ಪಣಿ ಬರೆದಿಡುವ ಒಂದು ಚಿಕ್ಕ ಪ್ರೋಗ್ರಾಂ. ಅವಳು ಟಿಪ್ಪಣಿಗಳಿಗೆ ಕನ್ನಡದಲ್ಲಿ ಶೀರ್ಷಿಕೆ ಕೊಡುತ್ತಿದ್ದಳು. ಪಟ್ಟಿ ತೆಗೆದರೆ ಕೆಲವು ಶೀರ್ಷಿಕೆಗಳ ಕೊನೆಗೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಇರುವ ಆ ಗುರುತು ಬರುತ್ತಿತ್ತು. ಎಲ್ಲದಕ್ಕೂ ಅಲ್ಲ, ಕೆಲವಕ್ಕೆ ಮಾತ್ರ. "ಸುಮ್ನೆ ಸಹಿಸ್ಕೊಂಡಿದೀನಿ ಅಕ್ಕಾ" ಅಂದಳು.

ಪ್ರಾಜೆಕ್ಟ್ ಜೀವಂತ ಇದೆಯಾ ಅಂತ ಮೊದಲು ನೋಡಿದೆವು. ಕೊನೆಯ ಕಮಿಟ್, ಅಂದರೆ ದಾಖಲಾದ ಕೊನೆಯ ಬದಲಾವಣೆ, ಹಿಂದಿನ ವಾರದ್ದು. ಹೊರಗಿನವರ ಪುಲ್ ರಿಕ್ವೆಸ್ಟ್‌ಗಳಿಗೆ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳಿಗೆ) ಉತ್ತರ ಸಿಕ್ಕಿತ್ತು, ಬೇಡ ಅಂದಾಗಲೂ ಕಾರಣ ಹೇಳಿದ್ದರು. ಲೈಸೆನ್ಸ್ ಫೈಲ್ ಇತ್ತು. ಇದನ್ನು ನೋಡುವುದನ್ನು ಮರೆಯಬಾರದು. ಕೋಡ್ ಎಲ್ಲರ ಕಣ್ಣಿಗೆ ಕಾಣುತ್ತಿದೆ ಅಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಹಕ್ಕೆಲ್ಲ ಬರೆದವರದ್ದೇ. ನಾವು ಅದನ್ನು ಬದಲಿಸಿ ಹಂಚುವ ಹಾಗಿಲ್ಲ. ಮುಖ್ಯವಾಗಿ ನೋಡಿಕೊಳ್ಳುವ ಮೇಂಟೇನರ್ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ.

ಮೊದಲ ಇಶ್ಯೂ, ಮೊದಲ ಪೆಟ್ಟು

ಅವತ್ತು ರಾತ್ರಿಯೇ ಅವಳು ಇಶ್ಯೂ ಬರೆದಳು. ಎರಡೇ ಸಾಲು. ಕನ್ನಡ ಸರಿಯಾಗಿ ಕಾಣುತ್ತಿಲ್ಲ, ದಯವಿಟ್ಟು ಸರಿಮಾಡಿ ಎಂಬ ಅರ್ಥದ್ದು. ಜೊತೆಗೊಂದು ಸ್ಕ್ರೀನ್‌ಶಾಟ್.

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಮೇಂಟೇನರ್ ಒಳ್ಳೆಯ ಮಾತಿನಲ್ಲೇ ಬರೆದಿದ್ದರು. ‘ಕನ್ನಡ’ ಎಂಬ ಪದವನ್ನೇ ಕಾಪಿ ಮಾಡಿ ಶೀರ್ಷಿಕೆಯಾಗಿ ಕೊಟ್ಟು ನೋಡಿದ್ದರು. ಅವರಿಗೆ ಸರಿಯಾಗೇ ಕಂಡಿತ್ತು. ನಿಮ್ಮ ಕಡೆ ಫಾಂಟ್ ತೊಂದರೆ ಇರಬಹುದೇ ಎಂದು ಕೇಳಿ, ಇಶ್ಯೂ ಮುಚ್ಚಿದ್ದರು.

ಅವಳಿಗೆ ತುಂಬಾ ಬೇಜಾರಾಯಿತು. "ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡ್ರಾ?" ಅಂದಳು.

"ಇಲ್ಲ ಕಣೇ. ನಿನಗೆ ಕಂಡದ್ದು ಅವರಿಗೆ ಕಾಣಲಿಲ್ಲ, ಅಷ್ಟೇ. ಕಾಣೋ ಹಾಗೆ ಮಾಡೋಣ."

ಈ ಪ್ರಕರಣದ ತಿರುಳು ನನಗೆ ಕಾಣುವುದು ಇಲ್ಲೇ. ಹೊಸಬರು ಪ್ರಾಜೆಕ್ಟ್‌ಗೆ ಕೊಡುವ ಮೊದಲ ವಸ್ತು ಕೋಡ್ ಅಲ್ಲ. ತಾವು ಕಂಡದ್ದನ್ನು, ಎಲ್ಲೋ ಇನ್ನೊಂದು ಯಂತ್ರದ ಮುಂದೆ ಕೂತವರೂ ಕಾಣುವ ಹಾಗೆ ಮಾಡುವುದು. ಇದಕ್ಕೆ ಆ ಕೋಡ್ ಪೂರ್ತಿ ಗೊತ್ತಿರಬೇಕಿಲ್ಲ, ತಾಳ್ಮೆ ಬೇಕು.

"ಕೆಲವಕ್ಕೆ ಮಾತ್ರ ಯಾಕೆ?" ಎಂಬ ಪ್ರಶ್ನೆ ಹಿಡಿದುಕೊಂಡು ಕೂತೆವು. ಮುರಿದ ಶೀರ್ಷಿಕೆಗಳನ್ನು ಒಂದು ಕಡೆ, ಸರಿಯಿರುವುದನ್ನು ಇನ್ನೊಂದು ಕಡೆ ಬರೆದಳು. ಚಿಕ್ಕ ಶೀರ್ಷಿಕೆಗಳು ಯಾವತ್ತೂ ಮುರಿಯುತ್ತಿರಲಿಲ್ಲ. ಉದ್ದನೆಯವುಗಳಲ್ಲಿ ಕೆಲವು ಮುರಿಯುತ್ತಿದ್ದವು, ಕೆಲವು ಇಲ್ಲ. ಸ್ಪೇಸ್ ಇಲ್ಲದ ಒಂದೇ ಉದ್ದ ಪದ ಕೊಟ್ಟರೆ ಸರಿ. ಒಂದು ಸ್ಪೇಸ್ ಇದ್ದರೆ ಮುರಿಯುತ್ತದೆ. ಎರಡಿದ್ದರೂ ಮುರಿಯುತ್ತದೆ. ಮೂರು ಇದ್ದರೆ ಮತ್ತೆ ಸರಿ!

ಅರ್ಧ ಗಂಟೆ ಇಬ್ಬರೂ ಸುಮ್ಮನೆ ಆ ಪಟ್ಟಿ ನೋಡುತ್ತಾ ಕೂತಿದ್ದೆವು. ಆಮೇಲೆ ಅವಳೇ ಹೇಳಿದಳು: "ಮೂರರ ಲೆಕ್ಕ. ಕನ್ನಡದ ಒಂದೊಂದು ಕೋಡ್ ಪಾಯಿಂಟ್ ಮೂರು ಬೈಟ್ ಅಲ್ವಾ?"

ಹೌದು. ಬೈಟ್ ಅಂದರೆ ಕಂಪ್ಯೂಟರ್ ಮೆಮೊರಿಯ ಒಂದು ಚಿಕ್ಕ ಅಳತೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ರೀತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೂ ಸ್ಪೇಸ್‌ಗೂ ಒಂದೊಂದೇ ಬೈಟ್ ಸಾಕು. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನ ಕನ್ನಡ ವಿಭಾಗದ ಪ್ರತಿ ಚಿಹ್ನೆಗೂ (ಕೋಡ್ ಪಾಯಿಂಟ್‌ಗೂ) ಮೂರು ಬೈಟ್ ಬೇಕು. ಚಿಹ್ನೆ ಅಂದರೆ ನಾವು ಓದುವ ಅಕ್ಷರ ಅಲ್ಲ. ‘ಕಾ’ ಎಂಬುದರಲ್ಲಿ ‘ಕ’ ಒಂದು ಚಿಹ್ನೆ, ಅದರ ದೀರ್ಘ ಇನ್ನೊಂದು. ಒಟ್ಟು ಆರು ಬೈಟ್. ‘ಕನ್ನಡ’ ಪದದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಚಿಹ್ನೆ, 15 ಬೈಟ್.

ಈಗ ಕೋಡ್ ತೆರೆದು ಹುಡುಕಿದೆವು. ಹತ್ತು ನಿಮಿಷದಲ್ಲಿ ಸಿಕ್ಕಿತು. ಏನು ಹುಡುಕಬೇಕು ಅಂತ ಗೊತ್ತಿದ್ದರೆ ಅಪರಿಚಿತ ಕೋಡ್ ಅಷ್ಟೊಂದು ಹೆದರಿಸುವುದಿಲ್ಲ. ಪ್ರೋಗ್ರಾಂ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಪಟ್ಟಿಯಲ್ಲಿ ಜಾಗ ಉಳಿಸಲು ಶೀರ್ಷಿಕೆಯನ್ನು ಮೂವತ್ತಕ್ಕೆ ಕತ್ತರಿಸುವ ಒಂದು ಸಾಲು. ಗೋನಲ್ಲಿ ಸ್ಟ್ರಿಂಗ್ ಅನ್ನು ಹಾಗೆ ನೇರವಾಗಿ ಕತ್ತರಿಸಿದರೆ ಅದು ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಯುಟಿಎಫ್-8 ಅನ್ನು 1992ರಲ್ಲಿ ರೂಪಿಸಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಗೋ ಭಾಷೆ ಕಟ್ಟಿದ ಮೂವರಲ್ಲೂ ಅವರಿಬ್ಬರು ಇದ್ದಾರೆ. ಬೈಟ್ ಬೇರೆ, ಚಿಹ್ನೆ ಬೇರೆ ಅಂತ ಆ ಭಾಷೆ ಸ್ಪಷ್ಟವಾಗಿಯೇ ಹೇಳುತ್ತದೆ. ಬರೆದವರು ಇಂಗ್ಲಿಷ್ ಶೀರ್ಷಿಕೆಗಳಲ್ಲಷ್ಟೇ ಪರೀಕ್ಷಿಸಿದ್ದರಿಂದ ವ್ಯತ್ಯಾಸ ಕಂಡಿರಲಿಲ್ಲ.

ಒಗಟು ಬಿಡಿಸಿಕೊಂಡಿತು. ಬರೀ ಕನ್ನಡ ಚಿಹ್ನೆಗಳಿದ್ದರೆ ಮೂವತ್ತು ಬೈಟ್‌ಗೆ ಸರಿಯಾಗಿ ಹತ್ತು ಚಿಹ್ನೆ. ಕತ್ತರಿ ಎರಡು ಚಿಹ್ನೆಗಳ ನಡುವೆ ಬೀಳುತ್ತದೆ. ಒಂದು ಸ್ಪೇಸ್ ಬಂದರೆ ಉಳಿದ 29 ಮೂರರಿಂದ ಭಾಗವಾಗುವುದಿಲ್ಲ. ‘ನಾಳೆ ಓದಬೇಕಾದ ಪುಸ್ತಕ’ ಎಂಬ ಶೀರ್ಷಿಕೆಯಲ್ಲಿ ಕತ್ತರಿ ಬಿದ್ದದ್ದು ‘ಕಾ’ದ ದೀರ್ಘದ ಹೊಟ್ಟೆಗೆ. ಅದರ ಮೂರು ಬೈಟ್‌ಗಳಲ್ಲಿ ಎರಡು ಉಳಿದು ಒಂದು ಹೋಗಿತ್ತು. ಅದನ್ನು ಓದಲಾಗದ ಟರ್ಮಿನಲ್ ಪ್ರಶ್ನೆ ಚಿಹ್ನೆ ತೋರಿಸುತ್ತಿತ್ತು. ಮೇಂಟೇನರ್ ಕೊಟ್ಟು ನೋಡಿದ ಪದ 15 ಬೈಟ್‌ನದ್ದು. ಕತ್ತರಿ ಅದನ್ನು ಮುಟ್ಟಲೇ ಇಲ್ಲ!

ಇನ್ನೊಂದು ವಿಷಯವೂ ಗೊತ್ತಾಯಿತು. ನನಗೆ ಇದು ಹೆಚ್ಚು ನೋವು ಕೊಟ್ಟಿತು. ಮುರಿಯದೇ ಇದ್ದಾಗಲೂ ಇಂಗ್ಲಿಷ್ ಶೀರ್ಷಿಕೆಗೆ ಮೂವತ್ತು ಅಕ್ಷರದ ಜಾಗ ಸಿಗುತ್ತಿತ್ತು, ಕನ್ನಡಕ್ಕೆ ಹತ್ತು ಚಿಹ್ನೆಗಳದ್ದು. ಇಷ್ಟು ದಿನ ಅವಳು ತನ್ನ ಶೀರ್ಷಿಕೆಗಳೇ ಉದ್ದ ಅಂದುಕೊಂಡು ಚಿಕ್ಕದಾಗಿ ಬರೆಯಲು ಶುರುಮಾಡಿದ್ದಳು.

ಕನ್ನಡ ಓದಲಾರದವರಿಗೆ ಕನ್ನಡದ ಬಗ್ ತೋರಿಸುವುದು

ಅವಳು ಎರಡನೇ ಇಶ್ಯೂ ಬರೆದಳು. ಈ ಸಲ ಬಳಸಿದ ಆವೃತ್ತಿ ಇತ್ತು. ಏನು ಟೈಪ್ ಮಾಡಬೇಕು, ಏನು ಕಾಣಬೇಕಿತ್ತು, ಏನು ಕಂಡಿತು ಎಲ್ಲವೂ ಇತ್ತು. ಆದರೂ ನನಗೆ ಸಮಾಧಾನ ಆಗಲಿಲ್ಲ. ಉದಾಹರಣೆಗಳೆಲ್ಲ ಕನ್ನಡದಲ್ಲಿದ್ದವು. ಲಿಪಿ ಗೊತ್ತಿಲ್ಲದವರಿಗೆ ಅದು ಬರೀ ಚಿತ್ರ. ಸರಿಯೋ ತಪ್ಪೋ ತಿಳಿಯುವುದು ಹೇಗೆ?

"ಇದೇ ಬಗ್ ಕನ್ನಡ ಇಲ್ಲದೇ ಬರುತ್ತಾ ನೋಡು" ಅಂದೆ.

ಮರುದಿನ ಅವಳು ತಂದದ್ದು ನೋಡಿ ನನಗೆ ಖುಷಿಯಾಯಿತು. ಯೂರೋ ಚಿಹ್ನೆಗೂ ಯುಟಿಎಫ್-8ನಲ್ಲಿ ಮೂರು ಬೈಟ್. ಒಂದು ಇಂಗ್ಲಿಷ್ ಅಕ್ಷರ ಬರೆದು ಅದರ ನಂತರ ಹತ್ತು ಯೂರೋ ಚಿಹ್ನೆ ಹಾಕಿದರೆ 31 ಬೈಟ್ ಆಗುತ್ತದೆ. ಮೂವತ್ತಕ್ಕೆ ಕತ್ತರಿಸಿದರೆ ಹತ್ತನೆಯ ಯೂರೋ ಮುರಿಯುತ್ತದೆ. ಯಾರ ಯಂತ್ರದಲ್ಲಾದರೂ, ಯಾವ ಫಾಂಟ್‌ನಲ್ಲಾದರೂ. ಇದನ್ನು ಇಶ್ಯೂದ ಮೊದಲ ಸಾಲಿಗೆ ಹಾಕಿದಳು. ಕನ್ನಡದ ಉದಾಹರಣೆ ಎರಡನೆಯದಾಯಿತು.

ಮೂರು ಗಂಟೆಯಲ್ಲಿ ಉತ್ತರ ಬಂತು. ಮೊದಲ ಇಶ್ಯೂ ಮುಚ್ಚಿದ್ದಕ್ಕೆ ಮೇಂಟೇನರ್ ಕ್ಷಮೆ ಕೇಳಿದ್ದರು. ಸರಿಮಾಡಿ ಕಳಿಸಲು ಇಷ್ಟವಿದೆಯಾ ಎಂದೂ ಕೇಳಿದ್ದರು.

ಕೋಡ್‌ಗೆ ಮೊದಲು ಒಂದು ಸಾಲಿನ ತಿದ್ದುಪಡಿ

ಪ್ರಾಜೆಕ್ಟನ್ನು ಫೋರ್ಕ್ ಮಾಡಿ (ತನ್ನದೇ ಒಂದು ಪ್ರತಿ ಮಾಡಿಕೊಂಡು), ತನ್ನ ಯಂತ್ರಕ್ಕೆ ಇಳಿಸಿಕೊಂಡಳು. ಏನೂ ಬದಲಿಸದೆ ಮೊದಲು ಟೆಸ್ಟ್ ಓಡಿಸು ಅಂದಿದ್ದೆ. ನಮ್ಮ ಕೈ ಬೀಳುವ ಮೊದಲು ಯಾವುದು ಕೆಟ್ಟಿತ್ತು ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಎಲ್ಲ ತಪ್ಪೂ ನಮ್ಮದೇ ಅನಿಸುತ್ತದೆ.

ಬಿಲ್ಡ್ ಆಗಲೇ ಇಲ್ಲ, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಾಗಲೇ ಇಲ್ಲ. ಒಂದು ಸಂಜೆಯೆಲ್ಲ ಒದ್ದಾಡಿದಳು. ಹೊಸಬರಿಗೆ ಬರೆದಿಟ್ಟ ಸೂಚನೆಗಳ ಫೈಲ್‌ನಲ್ಲಿ ಗೋ 1.18 ಸಾಕು ಎಂದಿತ್ತು. ಪ್ರಾಜೆಕ್ಟ್ ಅಷ್ಟರಲ್ಲಿ 1.22ಕ್ಕೆ ಹೋಗಿತ್ತು. ದಿನವೂ ಅಲ್ಲೇ ಕೆಲಸ ಮಾಡುವವರು ಆ ಸೂಚನೆ ಓದುವುದೇ ಇಲ್ಲ. ಅದರಲ್ಲಿರುವ ತಪ್ಪು ಕಾಣುವುದು ಹೊಸಬರಿಗೆ ಮಾತ್ರ, ಅದೂ ಮೊದಲ ವಾರದಲ್ಲಿ. ಆಮೇಲೆ ಅವರಿಗೂ ಅಭ್ಯಾಸವಾಗಿ ಮರೆತುಹೋಗುತ್ತದೆ. ಹಾಗಾಗಿ ಆ ವಾರದ ಕಿರಿಕಿರಿಗಳನ್ನೆಲ್ಲ ಬರೆದಿಟ್ಟುಕೊಳ್ಳಲು ನಾನು ಎಲ್ಲರಿಗೂ ಹೇಳುತ್ತೇನೆ.

ಅವಳ ಮೊಟ್ಟಮೊದಲ ಪುಲ್ ರಿಕ್ವೆಸ್ಟ್ ಆ ಒಂದು ಸಂಖ್ಯೆಯ ತಿದ್ದುಪಡಿ. ಮರುದಿನವೇ ಮರ್ಜ್ ಆಯಿತು, ಅಂದರೆ ಪ್ರಾಜೆಕ್ಟ್‌ಗೆ ಸೇರಿತು. "ಇದೂ ಲೆಕ್ಕಕ್ಕೆ ಬರುತ್ತಾ ಅಕ್ಕಾ?" ಅಂದಳು. ಖಂಡಿತ ಬರುತ್ತದೆ. ಅವಳ ಒಂದು ಸಂಜೆ ಹೋಗಿತ್ತು. ಮುಂದೆ ಬರುವವರದ್ದು ಹೋಗುವುದಿಲ್ಲ.

ನಾನೂರು ಸಾಲು, ಮತ್ತು ಹನ್ನೊಂದು ಸಾಲು

ಬಗ್ ಸರಿಮಾಡುವ ಅವಳ ಮೊದಲ ಕರಡು ನಾನೂರು ಸಾಲು ಮೀರಿತ್ತು. ಕತ್ತರಿಸುವ ಜಾಗ ಸರಿಮಾಡಿದ್ದಳು, ಸರಿ. ಜೊತೆಗೆ ಕೆಲವು ಹೆಸರುಗಳು ಚೆನ್ನಾಗಿಲ್ಲವೆಂದು ಬದಲಿಸಿದ್ದಳು. ಒಂದು ಫೈಲ್ ಎರಡು ಮಾಡಿದ್ದಳು. ಎಡಿಟರ್ ತಾನಾಗಿ ಒಂದಷ್ಟು ಸಾಲುಗಳ ಜೋಡಣೆ ಬದಲಿಸಿತ್ತು. ಕೆಟ್ಟ ಕೋಡ್ ಅಲ್ಲ. ಆದರೆ ಬಿಡುವಿನ ವೇಳೆಯಲ್ಲಿ ಓದುವ ಒಬ್ಬ ಮನುಷ್ಯ ಈ ನಾನೂರು ಸಾಲಿನಲ್ಲಿ ಬಗ್ ಎಲ್ಲಿ ಸರಿಯಾಯಿತು ಅಂತ ಹುಡುಕಬೇಕು.

ಬೇರೆಯದನ್ನೆಲ್ಲ ತೆಗೆಸಿದೆ. ಅವಳಿಗೆ ಸ್ವಲ್ಪ ಸಂಕಟವೇ ಆಯಿತು. ಹಾಗೆ ತೆಗೆಯುವಾಗ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ರಿಬೇಸ್ ಮಾಡಲು (ಕಮಿಟ್‌ಗಳನ್ನು ಮತ್ತೆ ಜೋಡಿಸಲು) ಹೋಗಿ ಕೆಲಸವೆಲ್ಲ ಮಾಯವಾಯಿತೆಂದು ಗಾಬರಿಯಾದಳು. ಹಿಂದಿನ ಹೆಜ್ಜೆಗಳ ದಾಖಲೆಯಾದ ರಿಫ್ಲಾಗ್ ತೆಗೆದು ತೋರಿಸಿದೆ. ಒಮ್ಮೆ ಕಮಿಟ್ ಮಾಡಿದ್ದನ್ನು ಗಿಟ್ ಅಷ್ಟು ಸುಲಭಕ್ಕೆ ಕಳೆದುಹಾಕುವುದಿಲ್ಲ. ಯಾವ ಬ್ರಾಂಚ್‌ಗೂ (ಕೆಲಸದ ಕವಲಿಗೂ) ಸೇರದ ಕಮಿಟ್‌ನ ಜಾಡನ್ನೂ ಅದು ಮಾಮೂಲಿಯಾಗಿ 30 ದಿನ ಇಟ್ಟುಕೊಂಡಿರುತ್ತದೆ. ಇದು ಗೊತ್ತಾದ ಮೇಲೆ ಅವಳ ಕೈ ನಡುಗುವುದು ನಿಂತಿತು.

ಉಳಿದದ್ದು ಕೋಡ್ ಹನ್ನೊಂದು ಸಾಲು, ಅದರ ಎರಡರಷ್ಟು ಟೆಸ್ಟ್. ಟೆಸ್ಟ್‌ಗಳಲ್ಲಿ ಯೂರೋ ಸಾಲು ಇತ್ತು, ‘ನಾಳೆ ಓದಬೇಕಾದ ಪುಸ್ತಕ’ವೂ ಇತ್ತು. ಹಳೆಯ ಕೋಡ್‌ನಲ್ಲಿ ಆ ಟೆಸ್ಟ್‌ಗಳು ಫೇಲ್ ಆಗುತ್ತವೆ ಅನ್ನುವುದನ್ನೂ ನೋಡಿಕೊಂಡಳು. ಫೇಲ್ ಆಗದ ಟೆಸ್ಟ್ ಬರೆದು ಏನು ಪ್ರಯೋಜನ, ಅಲ್ವಾ?

ಕಳಿಸಿದ ಕೂಡಲೇ ಏನೋ ತಪ್ಪಿದೆ ಎಂಬ ಕೆಂಪು ಗುರುತು. ಕಮಿಟ್‌ನ ಕೊನೆಗೆ ‘ಸೈನ್ಡ್ ಆಫ್ ಬೈ’ ಸಾಲು ಇರಲಿಲ್ಲ. ಏನೋ ಕರಾರು ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ ಎಂದು ಹೆದರಿದಳು. ಇದು 2004ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಶುರುವಾದ ಪದ್ಧತಿ. ಈ ಕೋಡ್ ನಾನೇ ಬರೆದದ್ದು, ಅಥವಾ ಇಲ್ಲಿಗೆ ಕೊಡುವ ಹಕ್ಕು ನನಗಿದೆ, ಎಂದು ಹೇಳುವ ಸಾಲು. ಕಮಿಟ್ ಮಾಡುವಾಗ ಒಂದು ಆಯ್ಕೆ ಸೇರಿಸಿದರೆ ಗಿಟ್ ತಾನೇ ಬರೆಯುತ್ತದೆ. ಆಮೇಲೆ ಟೆಸ್ಟ್‌ಗಳು ‘ಕಾಯುತ್ತಿದೆ’ ಎಂದು ನಿಂತುಬಿಟ್ಟವು. ಅದೂ ಅವಳ ತಪ್ಪಲ್ಲ. ಆ ಪ್ರಾಜೆಕ್ಟ್‌ನಲ್ಲಿ ಹೊಸಬರು ಕೋಡ್ ಕಳಿಸಿದಾಗ, ಮೇಂಟೇನರ್ ಒಪ್ಪಿದ ಮೇಲೆಯೇ ಟೆಸ್ಟ್‌ಗಳು ಓಡುತ್ತಿದ್ದವು.

ಮೌನದ ಒಂಬತ್ತು ದಿನ

ಒಂಬತ್ತು ದಿನ ಯಾವ ಉತ್ತರವೂ ಇಲ್ಲ. ಆರನೇ ದಿನ ಅವಳು ಒಂದು ಸಂದೇಶ ಬರೆದು ನನಗೆ ತೋರಿಸಿದಳು. ಇಷ್ಟು ಚಿಕ್ಕ ಬದಲಾವಣೆ ನೋಡಲು ಇಷ್ಟು ದಿನ ಬೇಕಾ ಎಂಬ ಧಾಟಿಯಲ್ಲಿತ್ತು. ಕಳಿಸಬೇಡ ಅಂದೆ.

ಅವಳಿಗೆ ಎಕ್ಸ್‌ಜೆಡ್ ಯುಟಿಲ್ಸ್ ಸಂಗತಿ ಹೇಳಿದೆ. ಅದು ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ, ಫೈಲ್‌ಗಳನ್ನು ಕುಗ್ಗಿಸುವ ಸಾಧನ. ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ. ಬೇಗ ಮಾಡಿ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಅವರ ಮೇಲೆ ಒತ್ತಡದ ಪತ್ರಗಳು ಬಂದವು. ಕೆಲಸ ಮಾಡುತ್ತಾ ನಂಬಿಕೆ ಗಳಿಸಿದ ಒಬ್ಬ ಕೊಡುಗೆದಾರನಿಗೆ ಕೊನೆಗೆ ಅಧಿಕಾರ ಸಿಕ್ಕಿತು. ಅದೇ ಕೈ ಅದರೊಳಗೆ ಕಳ್ಳಬಾಗಿಲು ಇಟ್ಟಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಮಾಡಿದರು. ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಅವರಿಗೆ ಕಂಡಿದ್ದ ಸುಳಿವುಗಳಲ್ಲಿ ಒಂದು. ಗುರುತಿಲ್ಲದವರ ಕೋಡನ್ನು ನಿಧಾನವಾಗಿ ಓದುವ ಮೇಂಟೇನರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದ್ದಾರೆ.

ಒಂಬತ್ತನೇ ದಿನ ಅವಳು ಎರಡು ಸಾಲು ಬರೆದಳು. ಬಿಡುವಾದಾಗ ನೋಡಿ, ಇನ್ನೂ ಚಿಕ್ಕದು ಮಾಡಬೇಕಿದ್ದರೆ ಹೇಳಿ ಎಂದು. ಅದೇ ರಾತ್ರಿ ರಿವ್ಯೂ ಬಂತು.

ಅವಳಿಗಷ್ಟೇ ಗೊತ್ತಿದ್ದದ್ದು

ರಿವ್ಯೂನಲ್ಲಿ ಒಂದೇ ಪ್ರಶ್ನೆ. ಬೈಟ್ ಬದಲು ಕೋಡ್ ಪಾಯಿಂಟ್ ಎಣಿಸಿ ಕತ್ತರಿಸಿದ್ದೀರಿ, ಸರಿ. ಆದರೆ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುವ ಚಿಹ್ನೆಗಳ ಗತಿ ಏನು?

ಇಲ್ಲಿಯವರೆಗೆ ಅವಳು ಕಲಿಯುವವಳು. ಈ ಪ್ರಶ್ನೆಗೆ ಮಾತ್ರ ಅಲ್ಲಿದ್ದವರೆಲ್ಲರಿಗಿಂತ ಅವಳಿಗೇ ಚೆನ್ನಾಗಿ ಉತ್ತರ ಗೊತ್ತಿತ್ತು. ‘ಕಾ’ದ ನಡುವೆ ಕತ್ತರಿ ಬಿದ್ದರೆ ‘ಕ’ ಉಳಿಯುತ್ತದೆ. ಪ್ರಶ್ನೆ ಚಿಹ್ನೆ ಬರುವುದಿಲ್ಲ, ನೋಡಲು ಸರಿಯಾಗೇ ಇದೆ, ಆದರೆ ಓದಿದರೆ ಬೇರೆ ಅಕ್ಷರ. ಇದನ್ನು ಉದಾಹರಣೆ ಸಮೇತ ವಿವರಿಸಿದಳು. ಮುಂದಿನ ಚಿಹ್ನೆ ಹಿಂದಿನದಕ್ಕೆ ಅಂಟುವಂಥದ್ದಾದರೆ ಇಡೀ ಅಕ್ಷರವನ್ನೇ ಬಿಟ್ಟು ಹಿಂದೆ ಸರಿಯುವುದು ಅವಳ ಉಪಾಯ. ಯಾವ ಚಿಹ್ನೆ ಅಂಥದ್ದು ಎಂದು ಯೂನಿಕೋಡ್ ಆಗಲೇ ವಿಂಗಡಿಸಿಟ್ಟಿದೆ. ಗೋ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡ್‌ನ ಲೈಬ್ರರಿಯಲ್ಲಿ ಆ ಪಟ್ಟಿ ಇದೆ. ಹೊರಗಿನ ಹೊಸ ಲೈಬ್ರರಿ ಸೇರಿಸಬೇಕಾಗಲಿಲ್ಲ. ಮೇಂಟೇನರ್‌ಗೆ ಅದೇ ಹೆಚ್ಚು ಇಷ್ಟವಾದಂತಿತ್ತು.

ಅವಳು ಇನ್ನೂ ಮುಂದೆ ಹೋಗಿ ಒತ್ತಕ್ಷರದ ಮಾತನ್ನೂ ಎತ್ತಿದಳು. ‘ಕನ್ನಡ’ವನ್ನು ಹಲಂತದ ನಂತರ ಕತ್ತರಿಸಿದರೆ ‘ಕನ್’ ಉಳಿಯುತ್ತದೆ. ಹಲಂತದಲ್ಲಿ ಮುಗಿದರೆ ಇನ್ನೂ ಹಿಂದೆ ಸರಿಯಬೇಕು ಎಂದು ನಿಯಮ ಮಾಡೋಣ ಅಂದರೆ, ‘ಫೈಲ್’ ಎಂಬ ಪದ ಹಲಂತದಲ್ಲೇ ಮುಗಿಯುತ್ತದೆ, ಅದು ಸರಿಯಾಗೇ ಇದೆ. ‘ಫೈಲ್‌ಗಳು’ ಎಂದು ಬರೆದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತು ಒತ್ತು ಆಗದಂತೆ ತಡೆಯುತ್ತದೆ. ಬೇರೆ ಲಿಪಿಗಳಲ್ಲಿ ಲೆಕ್ಕ ಇನ್ನೂ ಬೇರೆ. ಎರಡು ದಿನ ಇದರ ಬಗ್ಗೆ ಬರೆದಾಡಿದರು. ಕೊನೆಗೆ ಮೇಂಟೇನರ್ ಹೇಳಿದ್ದು ನನಗೂ ಸರಿ ಅನಿಸಿತು. ಇದು ನಿಜವಾದ ತೊಂದರೆ, ಆದರೆ ಬೇರೆ ತೊಂದರೆ. ಇದಕ್ಕೆ ಬೇರೆ ಇಶ್ಯೂ ತೆರೆಯಿರಿ. ಈಗಿನದ್ದು ಮೊದಲು ಒಳಗೆ ಬರಲಿ.

ಮೊದಲ ತಿಂಗಳ ಹುಡುಗಿಯಾಗಿದ್ದರೆ ಎಲ್ಲವನ್ನೂ ಇದರಲ್ಲೇ ತುರುಕಲು ಹಟ ಮಾಡುತ್ತಿದ್ದಳೇನೋ. ಈಗ ಒಪ್ಪಿದಳು. ಮೂರು ದಿನದ ನಂತರ ಮರ್ಜ್ ಆಯಿತು. ಮುಂದಿನ ಬಿಡುಗಡೆಯ ಟಿಪ್ಪಣಿಯಲ್ಲಿ ಒಂದು ಸಾಲು, ಅದರ ಪಕ್ಕ ಅವಳ ಹೆಸರು. ಪಟ್ಟಿ ತೆಗೆದು ‘ನಾಳೆ ಓದಬೇಕಾದ ಪುಸ್ತಕ’ ಪೂರ್ತಿ ಕಾಣುವ ಸ್ಕ್ರೀನ್‌ಶಾಟ್ ಕಳಿಸಿದಳು. 19 ಚಿಹ್ನೆಗಳ ಶೀರ್ಷಿಕೆ ಅದು. ಮೂವತ್ತರ ಮಿತಿಯೊಳಗೆ ಅದನ್ನು ಕತ್ತರಿಸುವ ಅಗತ್ಯವೇ ಇರಲಿಲ್ಲ.

ಒತ್ತಕ್ಷರದ ಇಶ್ಯೂ ಇನ್ನೂ ತೆರೆದೇ ಇದೆ. ಹೋದ ವಾರ ಅದರ ಕೆಳಗೆ ಹೊಸಬರೊಬ್ಬರು ಬರೆದಿದ್ದರು. ತಮ್ಮ ಭಾಷೆಯಲ್ಲೂ ಅಕ್ಷರ ಕೆಡುತ್ತಿದೆ, ಸರಿಮಾಡಿ ಎಂದು. ಒಂದೇ ಸಾಲು, ಜೊತೆಗೆ ಸ್ಕ್ರೀನ್‌ಶಾಟ್. ಮೇಂಟೇನರ್ ನೋಡುವ ಮೊದಲೇ ಇವಳು ಉತ್ತರ ಕೊಟ್ಟಿದ್ದಳು. ಬರೆದದ್ದಕ್ಕೆ ಧನ್ಯವಾದ ಹೇಳಿ, ಆ ಶೀರ್ಷಿಕೆಯನ್ನು ಚಿತ್ರವಾಗಿ ಬೇಡ, ಅಕ್ಷರವಾಗಿ ಕಳಿಸಿ ಎಂದು ಕೇಳಿದ್ದಳು. ಕೆಡದೇ ಇರುವ ಒಂದು ಶೀರ್ಷಿಕೆಯನ್ನೂ ಜೊತೆಗೆ ಕಳಿಸಿ ಎಂದಿದ್ದಳು.